ಕಸುಬಿನ ಕಲಿಕೆ: ಅಂತೇವಾಸಿಯಿಂದ ಅಪ್ರೆಂಟಿಸನವರೆಗೆ

೧

ಥಾಣೆಯ ಖಾಡಿಯ ಎರಡು ದಡಗಳಲ್ಲಿ ಬಾಳುತ್ತಿರುವ ಕನ್ನಡಿಗರು ೧೯೬೨ನೆಯ ಇಸವಿಯನ್ನು ನೆನಪಿನಲ್ಲಿಟ್ಟುಕೊಳ್ಳಲು ಒಂದು ಕಾರಣವುಂಟು. ಆ ವರುಷದ ಮಾರ್ಚ್ ೧ರಂದು, ಹಿಂದಿನ ವರುಷ ಸಂಸತ್ತು ಅಂಗೀಕರಿಸಿದ್ದ ಅಪ್ರೆಂಟಿಸ್ ಕಾಯಿದೆಯು ಜಾರಿಗೆ ಬಂದಿತು. ಅದೇ ವರುಷದ ಆಗಸ್ಟ್ ೧ರಂದು ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು ಸ್ಥಾಪಿತವಾಯಿತು. ಮೊದಲನೆಯದು ಕಸುಬು ಕಲಿಯುವ ತರುಣನಿಗೆ ಕರಾರನ್ನು ಕೊಟ್ಟಿತು. ಎರಡನೆಯದು ಕಸುಬು ನಡೆಯುವುದಕ್ಕೆ ನೆಲವನ್ನು ಕೊಟ್ಟಿತು. ಥಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಔದ್ಯೋಗಿಕ ವಸಾಹತು, ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲದ ಕಾರ್ಖಾನೆಗಳು - ಇವುಗಳಿಂದ ನೆಲವು ಬಲುಬೇಗ ತುಂಬಿತು. ಕರಾರು ಎಷ್ಟರ ಮಟ್ಟಿಗೆ ಫಲಿಸಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕುಳಿತವನಿಗೆ ಈ ಪ್ರಶ್ನೆಯಲ್ಲಿ ಏನು ಆಸಕ್ತಿಯೆಂದು ವಾಚಕರು ಕೇಳಬಹುದು. ಕೆಲವು ವರುಷಗಳ ಹಿಂದೆ ಡೊಂಬಿವಲಿಯ ಒಂದು ಶಾಖೆಯಲ್ಲಿ ನಾನು ಸಾಲದ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ ಕುಂದಾಪುರದ ಕಡೆಯ ಗೃಹಸ್ಥರೊಬ್ಬರು ಅರ್ಜಿ ಹಿಡಿದು ಬಂದರು. ಇಪ್ಪತ್ತನಾಲ್ಕು ವರುಷ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವರು; ಹಳೆಯ ಲೇತೊಂದನ್ನು ಕೊಂಡು ಸ್ವಂತ ಕೆಲಸವನ್ನು ಆರಂಭಿಸಬೇಕೆಂಬುದು ಅವರ ಬಯಕೆ. ಅರ್ಜಿಯಲ್ಲಿ ‘ಪಡೆದ ತರಬೇತಿ’ ಎಂಬ ಅಂಕಣವು ಬರಿದಾಗಿತ್ತು. ಪ್ರಮಾಣಪತ್ರವೇನಾದರೂ ಉಂಟೇ ಎಂದು ಕೇಳಿದೆ.

“ಪತ್ರ ಎಂತದೂ ಇಲ್ಲ ಸಾರ್. ಕೈ ಒಂದು ಉಂಟು” ಎಂದು ಅವರು ಎರಡು ಅಂಗೈಗಳನ್ನೂ ಮೇಜಿನ ಮೇಲಿಟ್ಟರು.

ಅಂಗೈಯನ್ನು ಓದುವ ವಿದ್ಯೆ ಬ್ಯಾಂಕಿಗೆ ಬಾರದು. ಅರ್ಜಿಯನ್ನು ಹಿಂದಿರುಗಿಸಿದೆ. ಮೂರು ವರುಷಗಳ ತರುವಾಯ ಘಣಸೋಲಿಯ ಒಂದು ಗೃಹಸಂಕುಲದ ಬಾಗಿಲಲ್ಲಿ ಕಾವಲುಗಾರರ ಉಡುಪಿನಲ್ಲಿ ಅವರನ್ನು ಕಂಡೆ. ಅವರು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು. “ಹೇಗಿದ್ದೀರಿ ಸಾರ್?” ಎಂದು ಅವರೇ ಮೊದಲು ವಿಚಾರಿಸಿದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಿಂದ ತಿಳಿಯಬಲ್ಲ ಮನುಷ್ಯರು ಬಂದುಹೋಗುವ ವಾಹನಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ನಿಯಮವನ್ನು ನೋಡಿದರೆ ನಾನು ಮಾಡಿದ್ದು ಸರಿ; ಆದರೆ ಆ ಬರಿದಾದ ಅಂಕಣವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅವರು ಕಲಿಯದೆ ಇದ್ದವರಲ್ಲ. ಅವರ ಕಲಿಕೆಗೆ ಸಾಕ್ಷಿ ಇರಲಿಲ್ಲ, ಅಷ್ಟೇ.

೨

ಕೆಲಸ ಮಾಡುತ್ತ ಕಸುಬನ್ನು ಕಲಿಯುವವನಿಗೆ ನಮ್ಮ ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಎಂಬ ಹೆಸರು. ಇಲ್ಲಿಯ ಮರಾಠಿಯಲ್ಲಿ ‘ಶಿಕಾವೂ ಉಮೇದವಾರ’. ಜನರ ಬಾಯಲ್ಲಿ ಎಲ್ಲೆಲ್ಲಿಯೂ ‘ಅಪ್ರೆಂಟಿಸ್’. ಇವೆಲ್ಲಕ್ಕಿಂತ ಹಳೆಯದಾದ ಒಂದು ಶಬ್ದವುಂಟು - ‘ಅಂತೇವಾಸಿ’. ಗುರುವಿನ ಸಮೀಪದಲ್ಲಿ ವಾಸಿಸುವವನು ಎಂದು ಅದರ ಅರ್ಥ. ಈ ಶಬ್ದದ ಶಾಸ್ತ್ರೀಯ ವಿವರಣೆಯು ದೊರೆಯುವುದು ಕಲ್ಯಾಣದಲ್ಲಿ ರಚಿತವಾದ ಒಂದು ಗ್ರಂಥದಲ್ಲಿ. ಮಧ್ಯ ರೈಲ್ವೆಯ ಕಲ್ಯಾಣವಲ್ಲ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬-೧೧೨೬) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ‘ಮಿತಾಕ್ಷರಾ’ ಎಂಬುದೇ ಆ ಗ್ರಂಥ. ನ್ಯಾಯಾಲಯಗಳು ಇದನ್ನು ಹೆಚ್ಚಾಗಿ ಆಸ್ತಿಯ ಹಂಚಿಕೆಗಾಗಿ ನೆನೆದುವು. ದುಡಿಮೆಯನ್ನು ಕುರಿತ ಅದರ ಭಾಗವನ್ನು ಓದಿದವರು ವಿರಳ.

ಮಿತಾಕ್ಷರೆಯು ಸೇವೆ ಮಾಡುವವರನ್ನು ಐದು ವಿಧವಾಗಿ ವಿಂಗಡಿಸುತ್ತದೆ: ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ. ವೇದವಿದ್ಯೆಯನ್ನು ಬಯಸುವವನು ಶಿಷ್ಯನು. ಶಿಲ್ಪವನ್ನು, ಎಂದರೆ ಕೈಕಸುಬನ್ನು, ಬಯಸುವವನು ಅಂತೇವಾಸಿಯು. ಕೂಲಿಗಾಗಿ ದುಡಿಯುವವನು ಭೃತಕನು. ಇತರರ ಕೆಲಸದ ಮೇಲ್ವಿಚಾರಣೆ ನಡೆಸುವವನು ಅಧಿಕರ್ಮಕೃತ್. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅಂತೇವಾಸಿಯನ್ನೂ ಕೂಲಿಯವನನ್ನೂ ಈ ಶಾಸ್ತ್ರವು ಒಂದೇ ಸಾಲಿನಲ್ಲಿ ಇರಿಸಿಲ್ಲ. ಕಲಿಯುವವನ ಸ್ಥಾನವೇ ಬೇರೆ, ಅವನಿಗೆ ಸಲ್ಲಬೇಕಾದ ಋಣವೇ ಬೇರೆ.

ಆ ಋಣವಾವುದು? ನಾರದಸ್ಮೃತಿಯ ಪ್ರಕಾರ ಕಸುಬನ್ನು ಕಲಿಯಲಿಚ್ಛಿಸುವವನು ಬಂಧುಗಳ ಒಪ್ಪಿಗೆಯನ್ನು ಪಡೆದು, ಕಾಲಾವಧಿಯನ್ನು ನಿಶ್ಚಯಿಸಿಕೊಂಡು ಗುರುವಿನ ಮನೆಯನ್ನು ಸೇರಬೇಕು. ಗುರುವು ಅವನಿಗೆ ಅನ್ನವನ್ನಿತ್ತು ಕಲಿಸಬೇಕು; ಬೇರೆ ಕೆಲಸಗಳನ್ನು ಮಾಡಿಸಬಾರದು; ಮಗನಂತೆ ಕಾಣಬೇಕು. ಯಾಜ್ಞವಲ್ಕ್ಯನು ಗುರುವಿನ ಪಕ್ಷವನ್ನೂ ಕಾಯುತ್ತಾನೆ: ಕಸುಬು ಬೇಗನೆ ಕೈವಶವಾದರೂ ಅಂತೇವಾಸಿಯು ಒಪ್ಪಿದ ಅವಧಿ ತೀರುವವರೆಗೆ ಗುರುಗೃಹದಲ್ಲಿದ್ದು ತನ್ನ ದುಡಿಮೆಯ ಫಲವನ್ನು ಗುರುವಿಗೆ ಒಪ್ಪಿಸಬೇಕು. ಕಲಿಸುವುದಕ್ಕೆ ತಗಲಿದ ವೆಚ್ಚವನ್ನು ಗುರುವು ಹಿಂದಕ್ಕೆ ಪಡೆಯುವ ಮಾರ್ಗವದು. ಇನ್ನು ನಿಬಂಧಕಾರರು ಕಾತ್ಯಾಯನನ ಹೆಸರಿನಲ್ಲಿ ಉದ್ಧರಿಸುವ ವಿಧಿಯೊಂದು ಮತ್ತೂ ಖಚಿತವಾಗಿದೆ: ಕಸುಬನ್ನು ಕಲಿಸದೆ ಬೇರೆ ಕೆಲಸಗಳನ್ನೇ ಮಾಡಿಸುವ ಗುರುವು ದಂಡಕ್ಕೆ ಗುರಿಯಾಗುವನು, ಅಂತೇವಾಸಿಯು ಅವನನ್ನು ಬಿಟ್ಟು ಹೋಗಲು ಸ್ವತಂತ್ರನು.

ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುತ್ತಿಲ್ಲ. ಆ ಕಾಲದ ಕಲಿಕೆಯು ಬಹುಮಟ್ಟಿಗೆ ಹುಟ್ಟಿದ ಕುಲಕ್ಕೆ ಕಟ್ಟುಬಿದ್ದುದು. ಕಲಿಸುವ ಗುರುವನ್ನು ತೊರೆದವನನ್ನು ದಂಡಿಸುವ ಅಧಿಕಾರವೂ ಗುರುವಿಗೆ ಉಂಟಾಗಿತ್ತು. ಆದರೂ ಆ ಪದ್ಧತಿಯ ಬೆಳೆಯೇನೆಂಬುದನ್ನು ನಮ್ಮ ಗುಡಿಗಳು ಹೇಳುತ್ತವೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ಮಲ್ಲಿತಮ್ಮನೆಂಬ ರೂವಾರಿಯ ಅಂಕಿತವು ೧೧೯೬ರ ಅಮೃತಾಪುರದ ಗುಡಿಯಿಂದ ಮೊದಲಾಗಿ ೧೨೫೮ರ ಸೋಮನಾಥಪುರದ ಗುಡಿಯವರೆಗೆ ಕಾಣಬರುತ್ತದೆ. ಅರವತ್ತು ವರುಷಗಳ ಕಸುಬು! ಕಲ್ಲಿನ ಮೇಲೆ ಹೆಸರು ಕೊರೆಯುವುದೇ ಅಂದಿನ ಪ್ರಮಾಣಪತ್ರವಾಗಿತ್ತು.

೩

ಮುಂಬಯಿಗೆ ಬಂದ ಕನ್ನಡಿಗರು ತಮ್ಮದೇ ಆದ ಒಂದು ಅಂತೇವಾಸವನ್ನು ಕಟ್ಟಿಕೊಂಡರು. ಮಂಗಳೂರಿನಿಂದ ಹಡಗನ್ನೇರಿ ಬಂದ ಹುಡುಗನು ಉಡುಪಿ ಹೋಟೆಲಿನ ಮುಸುರೆಯಿಂದ ಆರಂಭಿಸಿ, ಮೇಜು ಒರೆಸಿ, ಮಾಣಿಯಾಗಿ, ಭಟ್ಟರ ಕೈಕೆಳಗೆ ಒಲೆಯ ಮುಂದೆ ನಿಂತು, ಕಡೆಗೆ ಗಲ್ಲೆಯ ಮೇಲೆ ಕುಳಿತುಕೊಳ್ಳುವವರೆಗಿನ ಏಣಿಯನ್ನು ಯಾವ ಕಾಯಿದೆಯೂ ಬರೆಯಲಿಲ್ಲ. ಊಟ, ಮಲಗುವ ಜಾಗ, ಕಲಿಕೆ ಮೂರೂ ಒಂದೇ ಸೂರಿನಡಿಯಲ್ಲಿ. ಈ ಏಣಿಯನ್ನು ಹತ್ತಿದವರು ಹೋಟೆಲಿನ ಒಡೆಯರಾದರು. ಮಾಟುಂಗದಲ್ಲಿ ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಎ. ರಾಮ ನಾಯಕರೂ ಅಡಿಗೆಮನೆಯ ಕೆಲಸದಿಂದಲೇ ಮೇಲೆ ಬಂದವರು.

ಆದರೆ ಏಣಿ ಎಲ್ಲರಿಗೂ ದೊರೆಯಲಿಲ್ಲ. ಮುಸುರೆಯಲ್ಲಿಯೇ ಯೌವನವನ್ನು ಕಳೆದವರು ಅಸಂಖ್ಯರು. ಅಂಥವರಿಗೆ ಎರಡನೆಯ ದಾರಿಯಾದುದು ರಾತ್ರಿ ಶಾಲೆ. ಫೋರ್ಟಿನಲ್ಲಿಯೂ ಇತರ ಬಡಾವಣೆಗಳಲ್ಲಿಯೂ ಕನ್ನಡಿಗರ ಸಂಘ-ಸಮಾಜಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ದುಡಿದು ದಣಿದ ಹುಡುಗರು ನಿದ್ದೆಯೊಡನೆ ಹೋರಾಡುತ್ತ ಮೆಟ್ರಿಕ್ ಮುಗಿಸಿದರು. ಗುಮಾಸ್ತರಾದರು, ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ನಾನು ಕೆಲಸಕ್ಕೆ ಸೇರಿದಾಗ ನನಗೆ ಜಮಾ-ಖರ್ಚಿನ ಮರ್ಮವನ್ನು ತಿಳಿಸಿಕೊಟ್ಟ ಹಿರಿಯರೂ ಅಂತಹ ಶಾಲೆಯಿಂದಲೇ ಬಂದವರು. ದುಡಿಮೆಯ ಜತೆಯಲ್ಲಿಯೇ ಕಲಿಕೆ, ಕಲಿಕೆಯ ಕೊನೆಗೆ ಎಲ್ಲರೂ ಮನ್ನಿಸುವ ಒಂದು ಪತ್ರ: ಈ ಎರಡೂ ಕೂಡಿದುದರಿಂದಲೇ ರಾತ್ರಿ ಶಾಲೆಯು ಒಂದು ತಲೆಮಾರನ್ನು ಮೇಲೆತ್ತಿತು. ಹೋಟೆಲಿನಲ್ಲಿ ಮೊದಲನೆಯದಿದ್ದು ಎರಡನೆಯದು ಇರಲಿಲ್ಲ.

೪

ಇನ್ನು ೧೯೬೧ರ ಕಾಯಿದೆಯನ್ನು ನೋಡೋಣ. ಹಳೆಯ ಧರ್ಮಶಾಸ್ತ್ರದ ಲಕ್ಷಣಗಳನ್ನು ಬಲ್ಲವರಿಗೆ ಅದರಲ್ಲಿ ಪರಿಚಿತವಾದ ಸಂಗತಿಗಳು ಕಾಣುತ್ತವೆ. ಅಪ್ರೆಂಟಿಸನು, ಅಪ್ರಾಪ್ತವಯಸ್ಕನಾಗಿದ್ದರೆ ಅವನ ಪೋಷಕನು, ಒಡೆಯನೊಡನೆ ಕರಾರು ಮಾಡಿಕೊಳ್ಳಬೇಕು. ಆ ಕರಾರು ನೋಂದಣಿಯಾಗಬೇಕು. ಅವಧಿಯು ನಿಶ್ಚಿತವಾಗಿರಬೇಕು. ಕಲಿಸುವುದು ಒಡೆಯನ ಕರ್ತವ್ಯ. ತಿಂಗಳಿಗಿಷ್ಟು ಎಂದು ವಿದ್ಯಾರ್ಥಿವೇತನವನ್ನು ಕೊಡಬೇಕು; ಇಷ್ಟು ನಗಕ್ಕೆ ಇಷ್ಟು ಎಂದು ಕೊಡಕೂಡದು, ಹೆಚ್ಚು ಉತ್ಪಾದನೆಗಾಗಿ ಬೋನಸ್ಸಿನ ಆಸೆಯನ್ನೂ ತೋರಕೂಡದು. ಈ ಕಡೆಯ ನಿಯಮವು ಬಹಳ ಅರ್ಥವುಳ್ಳದ್ದು: ನಗವನ್ನು ಎಣಿಸುವವನು ಕಲಿಯಲಾರನು, ಎಣಿಸಿಕೊಳ್ಳುವವನು ಕಲಿಸಲಾರನು.

ಅಪ್ರೆಂಟಿಸನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು ಎಂದು ಕಾಯಿದೆಯ ೧೮ನೆಯ ಕಲಮು ಸಾರುತ್ತದೆ. ಆದಕಾರಣ ಕಾರ್ಮಿಕ ಶಾಸನಗಳು ಅವನಿಗೆ ಅನ್ವಯಿಸವು. ಅಂತೇವಾಸಿಯನ್ನು ಭೃತಕನಿಂದ ಬೇರ್ಪಡಿಸಿದ ಮಿತಾಕ್ಷರೆಯ ವಿವೇಕವೇ ಇಲ್ಲಿಯೂ ಇದೆಯೆನ್ನಬಹುದು. ಆದರೆ ಈ ಬೇರ್ಪಡಿಕೆಯು ಎರಡಲಗಿನ ಕತ್ತಿ. ನಿಜವಾಗಿಯೂ ಕಲಿಸಿದರೆ ಅದು ಗೌರವ. ಕಲಿಸದಿದ್ದರೆ, ಕಾರ್ಮಿಕನಿಗಿರುವ ರಕ್ಷಣೆಗಳಿಲ್ಲದ ಅಗ್ಗದ ಕೂಲಿ. ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ - ಇವು ಅಪ್ರೆಂಟಿಸನಿಗೂ ಸಲ್ಲಬೇಕೆಂದು ಕಾಯಿದೆಯು ವಿಧಿಸಿರುವುದು ಸಮಾಧಾನದ ವಿಷಯ. ೨೦೧೬ರ ಮೇ ತಿಂಗಳಲ್ಲಿಯೂ ೨೦೨೪ರ ಮೇ ತಿಂಗಳಲ್ಲಿಯೂ ಡೊಂಬಿವಲಿಯ ಔದ್ಯೋಗಿಕ ಪ್ರದೇಶದಲ್ಲಿ ಸಂಭವಿಸಿದ ಸ್ಫೋಟಗಳನ್ನು ಕಂಡ ನಮಗೆ, ಯಂತ್ರದ ಬಳಿಗೆ ಹೋಗುವ ಮೊದಲು ಅದರ ಅಪಾಯವನ್ನು ಕಲಿಯುವುದು ಎಂತಹ ಜೀವನ್ಮರಣದ ಪ್ರಶ್ನೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವಧಿ ತೀರಿದ ಮೇಲೆ ನೌಕರಿಯನ್ನು ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೫ರಲ್ಲಿ, ಇತರ ಅರ್ಹತೆಗಳು ಸಮನಾಗಿದ್ದರೆ ತರಬೇತಾದವನಿಗೆ ಪ್ರಾಶಸ್ತ್ಯ ದೊರೆಯತಕ್ಕದ್ದೆಂದು ಹೇಳಿತು. ೨೦೧೪ರ ತಿದ್ದುಪಡಿಯು ಕಾಯಿದೆಯನ್ನು ಮುರಿದ ಒಡೆಯನಿಗಿದ್ದ ಸೆರೆವಾಸವನ್ನು ತೆಗೆದು ದಂಡವನ್ನು ಮಾತ್ರ ಉಳಿಸಿತು. ಕಾತ್ಯಾಯನನ ಪದ್ಧತಿಗೆ ನಾವು ಹಿಂದಿರುಗಿದೆವು. ೨೦೧೯ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯು ತನ್ನ ಬಲದ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕಾಯಿತು. ವಿದ್ಯಾರ್ಥಿವೇತನದ ಕನಿಷ್ಠ ಮಟ್ಟವನ್ನು ಅರ್ಹತೆಗೆ ತಕ್ಕಂತೆ ತಿಂಗಳಿಗೆ ೫,೦೦೦ ರೂಪಾಯಿಯಿಂದ ೯,೦೦೦ ರೂಪಾಯಿಯವರೆಗೆ ಗೊತ್ತುಪಡಿಸಲಾಯಿತು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ಸಂಸ್ಥೆಗಳಿಗೆ ಇದು ಐಚ್ಛಿಕ. ಡೊಂಬಿವಲಿ, ವಾಗ್ಳೆ ಎಸ್ಟೇಟುಗಳ ಸಣ್ಣ ಗಾಲೆಗಳಲ್ಲಿ ಅನೇಕವು ಈ ಎರಡನೆಯ ವರ್ಗದವು. ನಮ್ಮ ಕುಂದಾಪುರದ ಗೃಹಸ್ಥರು ಕಾಯಿದೆಯ ಬೆಳಕು ಬೀಳದ ಇಂತಹ ಮೂಲೆಯಲ್ಲಿಯೇ ಕಲಿತವರು.

ಇತರರ ಕಾರ್ಖಾನೆಯನ್ನು ತೂಗುವ ತಕ್ಕಡಿಯಲ್ಲಿ ನನ್ನ ಮೇಜನ್ನೂ ತೂಗಬೇಕಷ್ಟೆ. ಈಚಿನ ವರುಷಗಳಲ್ಲಿ ಬ್ಯಾಂಕುಗಳೂ ಪದವೀಧರರನ್ನು ಒಂದು ವರುಷದ ಅಪ್ರೆಂಟಿಸರನ್ನಾಗಿ ತೆಗೆದುಕೊಳ್ಳುತ್ತಿವೆ. ನಮ್ಮ ಶಾಖೆಗೆ ಬಂದ ಒಬ್ಬ ಕನ್ನಡದ ಹುಡುಗಿ ಮೊದಲ ಐದು ತಿಂಗಳನ್ನು ಪಾಸ್‌ಪುಸ್ತಕ ಮುದ್ರಿಸುವ ಯಂತ್ರದ ಬಳಿಯಲ್ಲಿಯೇ ಕಳೆದಳು. ಜನಸಂದಣಿ ಹೆಚ್ಚು, ಸಿಬ್ಬಂದಿ ಕಡಮೆ. ಅವಳು ಚುರುಕಾಗಿದ್ದುದರಿಂದ ಅಲ್ಲಿಯೇ ನಿಲ್ಲಿಸಿದ್ದೆವು. ಒಂದು ಸಂಜೆ ಅವಳು ಬಂದು, “ಸರ್, ಸಾಲದ ಕಾಗದಪತ್ರ ಯಾವಾಗ ಕಲಿಸುತ್ತೀರಿ?” ಎಂದು ಕೇಳಿದಳು. ಕಾತ್ಯಾಯನನ ವಿಧಿಯನ್ನು ಅಂದು ಜಾರಿಗೆ ತಂದಿದ್ದರೆ ದಂಡ ತೆರಬೇಕಾದವನು ನಾನೇ. ಮರುದಿನದಿಂದ ದಿನಕ್ಕೊಂದು ಗಂಟೆ ಅವಳನ್ನು ಕೂರಿಸಿಕೊಂಡು ಅಡಮಾನ, ಜಾಮೀನು, ತ:ಖ್ತೆಗಳನ್ನು ತೋರಿಸಿಕೊಡಲಾರಂಭಿಸಿದೆ. ಕಲಿಸದವರೆಲ್ಲರೂ ದುಷ್ಟರೇನೂ ಅಲ್ಲ. ಕಲಿಸುವುದಕ್ಕೆಂದು ಯಾರ ದಿನಚರಿಯಲ್ಲಿಯೂ ಒಂದು ಗಂಟೆಯನ್ನು ತೆಗೆದಿರಿಸದಿದ್ದರೆ ಒಳ್ಳೆಯವನೂ ಕಲಿಸಲಾರನು.

೫

ಹಾಗಾದರೆ ಒಳ್ಳೆಯ ಅಪ್ರೆಂಟಿಸಿಕೆಯ ಲಕ್ಷಣವೇನು? ಜಿನೀವಾದಲ್ಲಿ ಸೇರುವ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ೨೦೨೩ರ ಜೂನ್ ತಿಂಗಳಲ್ಲಿ ಈ ವಿಷಯವಾಗಿ ೨೦೮ನೆಯ ಸಂಖ್ಯೆಯ ಶಿಫಾರಸನ್ನು ಅಂಗೀಕರಿಸಿತು. ಶಿಫಾರಸು ಒಪ್ಪಂದದಂತೆ ರಾಷ್ಟ್ರಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದು ಕೊಡುವ ಲಕ್ಷಣವು ಉಪಯುಕ್ತವಾದುದು. ಅದರ ಸಾರವನ್ನು ನಾಲ್ಕು ಪ್ರಶ್ನೆಗಳಾಗಿ ಹೀಗೆ ಇಡಬಹುದು.

ಒಂದನೆಯದು: ಏನನ್ನು, ಎಷ್ಟು ಕಾಲ ಕಲಿಸುವರೆಂಬುದು ಬರೆಹದಲ್ಲಿ ಇದೆಯೇ? ಎರಡನೆಯದು: ಕಲಿಸಲು ಬಲ್ಲವರೊಬ್ಬರು ನಿಯಮಿತರಾಗಿರುವರೇ, ಮತ್ತು ಕೆಲಸದ ಜಾಗದ ಹೊರಗೂ ಸ್ವಲ್ಪ ಪಾಠವುಂಟೇ? ಮೂರನೆಯದು: ಕಲಿಯುವಾಗ ಜೀವನಕ್ಕೆ ತಕ್ಕಷ್ಟು ಹಣ, ಮಿತವಾದ ಗಂಟೆಗಳು, ಅಪಘಾತದಿಂದ ರಕ್ಷಣೆ ಇವೆಯೇ? ನಾಲ್ಕನೆಯದು: ಮುಗಿದ ಮೇಲೆ ಇನ್ನೊಬ್ಬ ಒಡೆಯನೂ ಮನ್ನಿಸುವ ಪತ್ರವು ಕೈಗೆ ಬರುವುದೇ?

ಮೊದಲ ಮೂರನ್ನು ನಮ್ಮ ಸ್ಮೃತಿಕಾರರೂ ಒಂದಲ್ಲ ಒಂದು ರೂಪದಲ್ಲಿ ಬಲ್ಲವರಾಗಿದ್ದರು. ನಾಲ್ಕನೆಯದು ಹೊಸ ಕಾಲದ ಆವಶ್ಯಕತೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಕೈಯೇ ಸಾಕ್ಷಿ. ಕಲಬುರಗಿಯಿಂದಲೋ ಕಾರ್ಕಳದಿಂದಲೋ ಬಂದು ಕಲ್ಯಾಣದ ಚಾಳಿನಲ್ಲಿ ನೆಲೆಸಿದವನಿಗೆ ಕಾಗದವೇ ಸಾಕ್ಷಿ. ಜರ್ಮನಿಯಲ್ಲಿ ೧೯೬೯ರ ವೃತ್ತಿಶಿಕ್ಷಣದ ಕಾಯಿದೆಯ ಅಡಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕಸುಬುಗಳಿಗೆ ಕ್ರಮಬದ್ಧವಾದ ಅಪ್ರೆಂಟಿಸಿಕೆಯುಂಟು. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆ, ಒಂದೆರಡು ದಿನ ಶಾಲೆ. ಬೇಕರಿಯವನಿಂದ ಬ್ಯಾಂಕಿನವನವರೆಗೆ ಎಲ್ಲರೂ ಆ ಹಾದಿಯಲ್ಲಿ ನಡೆಯುವುದರಿಂದ ಅಲ್ಲಿ ಕೈಕಸುಬಿನ ಪತ್ರವೂ ಗೌರವದ ಪತ್ರವೇ. ನಮ್ಮಲ್ಲಿ ಹಲವರು ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ ಮಾತ್ರ ಐ.ಟಿ.ಐ.ಯನ್ನು ನೆನೆಯುತ್ತೇವೆ. ಈ ಮನೋಭಾವವು ತೊಲಗದೆ ಯಾವ ಕಾಯಿದೆಯೂ ಪೂರ್ಣಫಲವನ್ನು ಕೊಡದು.

೬

ಒಮ್ಮೆ ಕಲಿತ ಕಸುಬು ಜೀವಮಾನಕ್ಕೆಲ್ಲ ಸಾಕಾಗುತ್ತಿದ್ದ ಕಾಲವು ಹೋಯಿತು. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು; ಅವರಲ್ಲಿ ಬಹುಮಂದಿ ಮಗ್ಗಕ್ಕೆ ಮರಳಲಿಲ್ಲ. ಕಲ್ಯಾಣದ ಸಮೀಪದ ಮೋಹನೆಯ ರೇಯಾನ್ ಕಾರ್ಖಾನೆಯು ೨೦೦೯ರಲ್ಲಿ ನಿಂತುಹೋಯಿತು. ರಾಸಾಯನಿಕ ಕಾರ್ಖಾನೆಗಳಿದ್ದ ಐರೋಲಿ-ಮಹಾಪೆಯ ಬಯಲಿನಲ್ಲಿ ಇಂದು ಗಣಕ ಕಚೇರಿಗಳ ಗಾಜಿನ ಕಟ್ಟಡಗಳು ನಿಂತಿವೆ. ತಂದೆ ಕವಾಟ ತಿರುಗಿಸಿದ ನೆಲದಲ್ಲಿ ಮಗಳು ಗಣಕದ ಮುಂದೆ ಕುಳಿತಿರಬಹುದು. ಆದರೆ ನಲವತ್ತೆಂಟರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ತಂದೆಗೆ ಹೊಸದನ್ನು ಕಲಿಸಿದವರು ಯಾರು?

೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಪುನಃಕೌಶಲ ನಿಧಿಯೊಂದನ್ನು ಏರ್ಪಡಿಸುತ್ತದೆ. ಛಾಟಿಯಾದ ಕಾರ್ಮಿಕನ ಕೊನೆಯ ವೇತನದ ಹದಿನೈದು ದಿನಗಳ ಮೊತ್ತವನ್ನು ಒಡೆಯನು ನಿಧಿಗೆ ಕೊಡಬೇಕು. ಅದು ನಲವತ್ತೈದು ದಿನಗಳೊಳಗೆ ಕಾರ್ಮಿಕನ ಖಾತೆಯನ್ನು ಸೇರಬೇಕು. ತತ್ತ್ವವು ಮೆಚ್ಚತಕ್ಕದ್ದು. ಆದರೆ ಬ್ಯಾಂಕಿನವನಾಗಿ ಹೇಳುವುದಾದರೆ, ಸಂಬಳವಿಲ್ಲದ ಮನೆಯ ಖಾತೆಗೆ ಬಿದ್ದ ಹದಿನೈದು ದಿನಗಳ ಹಣವು ಪಾಠಶಾಲೆಯನ್ನು ಮುಟ್ಟುವ ಮೊದಲೇ ದಿನಸಿ ಅಂಗಡಿಯನ್ನು ಮುಟ್ಟುತ್ತದೆ. ಸಿಂಗಪುರವು ೨೦೧೫ರಿಂದ ಇಪ್ಪತ್ತೈದು ವರುಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ೫೦೦ ಡಾಲರಿನ ಕಲಿಕೆಯ ಜಮೆಯನ್ನು ಕೊಟ್ಟಿತು. ೨೦೨೪ರಲ್ಲಿ ನಲವತ್ತು ದಾಟಿದವರಿಗೆ ಇನ್ನೂ ೪,೦೦೦ ಡಾಲರನ್ನು ಕೂಡಿಸಿತು. ಆ ಹಣವು ಕಲಿಕೆಗಲ್ಲದೆ ಬೇರೊಂದಕ್ಕೆ ಸಲ್ಲದು, ಮತ್ತು ಕೆಲಸ ಹೋಗುವವರೆಗೆ ಕಾಯಬೇಕಾಗಿಲ್ಲ - ಇವೆರಡೂ ಗಮನಾರ್ಹ.

ನಮ್ಮ ನಾಡಿನಲ್ಲಿಯೂ ಅನುಕರಣೀಯ ಉದಾಹರಣೆಗಳಿವೆ. ೧೯೮೨ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಆರಂಭವಾದ ರುಡ್‌ಸೆಟ್ ಸಂಸ್ಥೆಯು ತರುಣರಿಗೆ ವಸತಿ-ಊಟಗಳನ್ನಿತ್ತು ಕಸುಬು ಕಲಿಸಿ, ಅನಂತರ ಸಾಲಕ್ಕಾಗಿ ಬ್ಯಾಂಕಿನತ್ತ ಕೈಹಿಡಿದು ನಡೆಸಿತು. ಅದೇ ಮಾದರಿಯಲ್ಲಿ ೨೦೦೯ರಿಂದೀಚೆಗೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂತಹ ಸಂಸ್ಥೆಗಳನ್ನು ತೆರೆದುವು. ಅರ್ಜಿಯ ಅಂಕಣವು ಬರಿದಾಗಿದೆಯೆಂದು ಹಿಂದಿರುಗಿಸುವುದಕ್ಕೆ ಬದಲು ಅದನ್ನು ತುಂಬಿಸಿಕೊಡುವುದೂ ಬ್ಯಾಂಕಿನ ಕೆಲಸವೆಂಬುದನ್ನು ತೋರಿಸಿಕೊಟ್ಟವರು ನಮ್ಮವರೇ.

೭

ಇನ್ನು ನಮ್ಮ ಸಂಘಗಳ ಪಾಲಿನ ಕರ್ತವ್ಯವೇನು? ಕಾರ್ಖಾನೆಗಳನ್ನು ತಿದ್ದುವ ಶಕ್ತಿ ನಮಗಿಲ್ಲ. ಆದರೆ ಮೂರು ಸಣ್ಣ ಕೆಲಸಗಳು ನಮ್ಮ ಕೈಯಳತೆಯಲ್ಲಿವೆ.

ಕಸುಬು ಬಲ್ಲವರಾಗಿದ್ದು ಪತ್ರವಿಲ್ಲದವರಿಗೆ ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ಸರ್ಕಾರಿ ಮಾರ್ಗವೊಂದು ೨೦೧೫ರಿಂದ ಪ್ರಧಾ ನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ತೆರೆದುಕೊಂಡಿತು: ಸ್ವಲ್ಪ ಕಾಲದ ಪರಿಚಯ ಶಿಕ್ಷಣ, ಬಳಿಕ ಕೈಕೆಲಸದ ಪರೀಕ್ಷೆ, ಕಡೆಗೆ ಪ್ರಮಾಣಪತ್ರ. ಇದನ್ನು ಕೇಳಿಯೇ ಅರಿಯದ ಕನ್ನಡದ ಗಾರೆಯವರು, ವೆಲ್ಡರುಗಳು, ಅಡಿಗೆಯವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಅವರಿಗೆ ತಿಳಿಸುವುದು, ಅರ್ಜಿಯನ್ನು ಬರೆದುಕೊಡುವುದು ಮೊದಲನೆಯ ಕೆಲಸ. ಅಪ್ರೆಂಟಿಸ್ ಕರಾರಿಗೆ ರುಜು ಹಾಕುವ ತರುಣ-ತರುಣಿಯರಿಗೆ ಮೇಲಣ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಟ್ಟು, ಕರಾರನ್ನು ಅವರೊಡನೆ ಕುಳಿತು ಓದುವುದು ಎರಡನೆಯದು. ನಿವೃತ್ತರಾದ ನಮ್ಮ ಫೋರ್‌ಮನ್ನರು, ಲೆಕ್ಕಿಗರು, ದಾದಿಯರು, ಇಂಜಿನಿಯರರು ವಾರಕ್ಕೊಂದು ಸಂಜೆ ಸಂಘದ ಸಭಾಗೃಹದಲ್ಲಿ ಕಲಿಸಲು ಕುಳಿತುಕೊಳ್ಳುವುದು ಮೂರನೆಯದು. ರಾತ್ರಿ ಶಾಲೆಯನ್ನು ನಡೆಸಿದವರ ಮೊಮ್ಮಕ್ಕಳಿಗೆ ಇದು ಹೊಸ ವಿದ್ಯೆಯೇನಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಘಣಸೋಲಿಗೆ ಮತ್ತೊಮ್ಮೆ ಹೋಗಿದ್ದೆ. ಪೂರ್ವಕಲಿಕೆಯ ಪರೀಕ್ಷೆಯ ವಿಷಯವನ್ನು ಹೇಳಿದಾಗ ಆ ಗೃಹಸ್ಥರು ಕೊಂಚ ಹೊತ್ತು ಸುಮ್ಮನಿದ್ದು, “ಈ ಪ್ರಾಯದಲ್ಲಿ ಪರೀಕ್ಷೆಯಾ ಸಾರ್?” ಎಂದು ನಕ್ಕರು. ಬಳಿಕ, “ಹುಡುಗರಿಗೆ ಬೇಕಾದರೆ ಕಲಿಸಿಕೊಡುತ್ತೇನೆ, ಲೇತ್ ಒಂದು ಎಲ್ಲಿಯಾದರೂ ಇದ್ದರೆ ಹೇಳಿ” ಎಂದರು. ಲೇತನ್ನು ಹುಡುಕುವ ಕೆಲಸವು ಈಗ ನನ್ನದು. ವಾಚಕರಲ್ಲಿ ಯಾರಿಗಾದರೂ ಅಂತಹ ಒಂದು ಯಂತ್ರದ ಪರಿಚಯವಿದ್ದರೆ ಅದು ನಮ್ಮೆಲ್ಲರದೂ ಆಗಬಹುದು.